ಜೀರಿಗೆ ಅಪ್ಪೆಯ ಮೂರು ಕಸಿಮರ: ಜೀನೋಮ್ ವರದಿ ಹೇಳುವುದೇನು, ಹೇಳದಿರುವುದೇನು

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕು. ಅಘನಾಶಿನಿಯ ದಂಡೆಯಲ್ಲಿ ಅಜ್ಜನ ಕಾಲದ ಒಂದು ಜೀರಿಗೆ ಅಪ್ಪೆ (ಉಪ್ಪಿನಕಾಯಿಗೆ ಹಾಕುವ ಮಿಡಿಮಾವು) ಮರವಿತ್ತು. 2019ರ ಆಗಸ್ಟ್ ನೆರೆಯಲ್ಲಿ ದಂಡೆ ಕುಸಿದು ಬುಡಸಮೇತ ಹೋಯಿತು. ಅದಕ್ಕೂ ಮೊದಲೇ ಅದರ ಕಡ್ಡಿ ತಂದು ಕಟ್ಟಿದ ಮೂರು ಕಸಿಮರ ಉಳಿದಿವೆ. ಒಂದು ನಮ್ಮ ತೋಟದ ಅಂಚಿನಲ್ಲಿ, ಒಂದು ಪಕ್ಕದ ಮನೆಯವರಲ್ಲಿ, ಇನ್ನೊಂದು ಸಿದ್ದಾಪುರದಲ್ಲಿ ತಂಗಿಯ ಮನೆಯ ಹಿತ್ತಲಿನಲ್ಲಿ. ಮೊದಲೆರಡರ ಮಿಡಿ ಮುರಿದರೆ ಜೀರಿಗೆ ಪರಿಮಳ ಬರುತ್ತದೆ. ಸಿದ್ದಾಪುರದ್ದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಾರವಾರದಲ್ಲಿ ಓದುತ್ತಿರುವ ಅಣ್ಣನ ಮಗಳು ಮೂರರ ಎಲೆಯನ್ನೂ ಒಂದು ಪ್ರಯೋಗಾಲಯಕ್ಕೆ ಕಳಿಸಿ ಪೂರ್ತಿ ಜೀನೋಮ್, ಎಂದರೆ ಮರದ ಡಿಎನ್‌ಎಯನ್ನೆಲ್ಲ, ಓದಿಸಿದಳು. ವರದಿಯ ಪ್ರಕಾರ ಆಪೂಸಿನ ಜೀನೋಮಿಗೆ ಕೂಡಿದ ಪ್ರಮಾಣ ಕ್ರಮವಾಗಿ 97.8, 97.5 ಮತ್ತು 91.2 ಶೇಕಡಾ. ಆಪೂಸಿಗಿಂತ ಇರುವ ವ್ಯತ್ಯಾಸಗಳು 41 ಲಕ್ಷ, 40 ಲಕ್ಷ, 29 ಲಕ್ಷ. ಹಾಗಾದರೆ ನಮ್ಮ ಅಪ್ಪೆ ಶೇಕಡಾ 97.8ರಷ್ಟು ಆಪೂಸೇ? ಮೂರನೆಯದು ಬೇರೆ ಜಾತಿ ಎಂದು ತೀರ್ಮಾನಿಸಿ ಕಡಿಯಬಹುದೇ? ಜೀರಿಗೆ ಪರಿಮಳದ ಜೀನ್ ಇದರಲ್ಲಿ ಸಿಗುತ್ತದೆಯೇ? ಮನೆಯಲ್ಲಿ ಆ ಹಳೆ ಮರದ ಒಂದು ಹಲಗೆ ಇದೆ, ಅದರಿಂದ ಉಪಯೋಗವಿದೆಯೇ? ನರ್ಸರಿ ಗಿಡಗಳಿಗೆ ಡಿಎನ್‌ಎ ಪ್ರಮಾಣಪತ್ರ ಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ, ನಂಬಬಹುದೇ?

ಉತ್ತರ: ನೀವು ತಿಳಿಯಬೇಕಾದದ್ದು ಒಂದೇ. ಹೋದ ಮರದ ನಿಜವಾದ ಕವಲು ಈ ಮೂರರಲ್ಲಿ ಯಾವುದು? ಆದರೆ ವರದಿ ಉತ್ತರಿಸಿರುವುದು ಬೇರೆಯೇ ಪ್ರಶ್ನೆಗೆ. ಅದು ಒಂದೊಂದು ಮರವನ್ನೂ ಆಪೂಸಿನ ಜೊತೆ ಹೋಲಿಸಿದೆ. ನಿಮ್ಮ ಮರಗಳನ್ನು ಒಂದರ ಜೊತೆ ಒಂದನ್ನು ಎಲ್ಲೂ ಹೋಲಿಸಿಲ್ಲ. ಆ ಹೋಲಿಕೆಗೆ ಬೇಕಾದ ಕಡತಗಳು ನಿಮ್ಮ ಕೈಯಲ್ಲೇ ಇವೆ, ಹೊಸದಾಗಿ ಹೆಚ್ಚು ಖರ್ಚಿಲ್ಲದೆ ಮಾಡಬಹುದು. ಅಲ್ಲಿಯವರೆಗೆ ಸಿದ್ದಾಪುರದ ಮರಕ್ಕೆ ಕೊಡಲಿ ತಾಗಿಸಬೇಡಿ.

97.8 ಎಂದರೆ ಏನು

ಯಂತ್ರ ಜೀನೋಮನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದುವುದಿಲ್ಲ. ಎಲೆಯ ಡಿಎನ್‌ಎಯನ್ನು ಪುಡಿಮಾಡಿ, ಪ್ರತಿ ತುಣುಕಿನ ಎರಡು ತುದಿಯಿಂದ 150 ಅಕ್ಷರಗಳಷ್ಟು ಓದುತ್ತದೆ. ಅಕ್ಷರ ಎಂದರೆ ಎ, ಟಿ, ಜಿ, ಸಿ ಎಂಬ ನಾಲ್ಕು. ಹೀಗೆ ಸಿಕ್ಕ ಕೋಟಿಗಟ್ಟಲೆ ತುಣುಕುಗಳೇ ನಿಮ್ಮ ಫಾಸ್ಟ್‌ಕ್ಯೂ ಕಡತಗಳು. ಬಿಡಬ್ಲ್ಯೂಎಯಂಥ ತಂತ್ರಾಂಶ ಒಂದೊಂದು ತುಣುಕನ್ನೂ ಹಿಡಿದು, ಮಾದರಿ ಜೀನೋಮಿನಲ್ಲಿ ಇದು ಎಲ್ಲಿ ಕೂರುತ್ತದೆ ಎಂದು ಹುಡುಕುತ್ತದೆ. ಮಾವಿಗೆ ಸಾಮಾನ್ಯವಾಗಿ ಬಳಸುವ ಮಾದರಿಗಳಲ್ಲೊಂದು 2020ರಲ್ಲಿ ಪ್ರಕಟವಾದ ಆಪೂಸಿನ ಜೀನೋಮ್. ಅದರಲ್ಲಿ 20 ಕ್ರೋಮೋಸೋಮ್, ಸುಮಾರು 40 ಕೋಟಿ ಅಕ್ಷರ. 97.8 ಎಂದರೆ ನೂರು ತುಣುಕುಗಳಲ್ಲಿ ಸುಮಾರು 98ಕ್ಕೆ ಕೂರಲು ಜಾಗ ಸಿಕ್ಕಿತು, ಅಷ್ಟೆ. ಎರಡು ಮೂರು ಅಕ್ಷರ ಬೇರೆಯಿದ್ದರೂ ತುಣುಕು ಕೂರುತ್ತದೆ. ಹಾಗಾಗಿ ತೋತಾಪುರಿಯ ಎಲೆ ಕಳಿಸಿದ್ದರೂ, ರಸ್ತೆ ಬದಿಯ ಕಾಟುಮಾವಿನ ಎಲೆ ಕಳಿಸಿದ್ದರೂ ಇದೇ ಆಸುಪಾಸಿನ ಸಂಖ್ಯೆ ಬರುತ್ತಿತ್ತು. ಇದು ಎಲೆ ಮಾವಿನದು, ಮಾದರಿ ಶುಚಿಯಾಗಿತ್ತು ಎಂದು ಹೇಳುವ ಸಂಖ್ಯೆ. ತಳಿಯ ನೆಂಟಸ್ತಿಕೆ ಇದರಲ್ಲಿಲ್ಲ.

ಮೂರನೆಯದರ 91.2 ಹಾಗಾದರೆ ಏಕೆ? ಕೂರದೆ ಉಳಿದ ತುಣುಕುಗಳು ಬಹಳ ಸಲ ಮಾವಿನದ್ದೇ ಆಗಿರುವುದಿಲ್ಲ. ಮಳೆಗಾಲದ ಎಲೆಯ ಮೇಲೆ ಕಪ್ಪು ಬೂಷ್ಟು, ಕಲ್ಲುಹೂವು, ಜಿಗಿಹುಳುವಿನ ಅಂಟು, ಬ್ಯಾಕ್ಟೀರಿಯಾ ಎಲ್ಲ ಇರುತ್ತವೆ, ಅವುಗಳ ಡಿಎನ್‌ಎಯೂ ಓದಿಸಿಕೊಳ್ಳುತ್ತದೆ. ಹಳೆಯ ಮಾವಿನ ಮರದಲ್ಲಿ ಬಂದಳಿಕೆ ಹಬ್ಬಿದ್ದರೆ ಅದರ ಎಲೆಯೇ ಚೀಲದೊಳಗೆ ಸೇರಿಬಿಡುವುದೂ ಉಂಟು. ಕೂರದ ತುಣುಕುಗಳನ್ನು ಸ್ಯಾಮ್‌ಟೂಲ್ಸ್ ತಂತ್ರಾಂಶದಿಂದ ಬೇರೆ ಮಾಡಿ, ಒಂದು ನೂರನ್ನು ಹೇಗೆಂದರೆ ಹಾಗೆ ಆರಿಸಿ, ಅದು ಯಾವ ಜೀವಿಯದೆಂದು ಹುಡುಕಿಕೊಡುವ ಬ್ಲಾಸ್ಟ್‌ಗೆ ಕೊಡಲು ಅಣ್ಣನ ಮಗಳಿಗೆ ಹೇಳಿ. ಅರ್ಧ ಗಂಟೆಯ ಕೆಲಸ. ಬಂದ ಹೆಸರುಗಳು ಶಿಲೀಂಧ್ರದ್ದಾದರೆ ಆ ಅನುಮಾನ ಅಲ್ಲಿಗೆ ಮುಗಿಯಿತು.

12 ಲಕ್ಷ ವ್ಯತ್ಯಾಸ ಎಲ್ಲಿ ಹೋಯಿತು

ನಿಮ್ಮನ್ನು ದಾರಿ ತಪ್ಪಿಸಿದ್ದು ಮುಖ್ಯವಾಗಿ ಈ ಸಂಖ್ಯೆ. ವರದಿಯ ಕೊನೆಯ ಪುಟದಲ್ಲಿ ತುಣುಕುಗಳ ಎಣಿಕೆ ಇದೆ: ಮೊದಲನೆಯದು 2 ಕೋಟಿ ಜೋಡಿ, ಎರಡನೆಯದು 1.9 ಕೋಟಿ ಜೋಡಿ, ಮೂರನೆಯದು ಬರೀ 50 ಲಕ್ಷ ಜೋಡಿ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನು.

ಲೆಕ್ಕ ಹೀಗೆ. 2 ಕೋಟಿ ಜೋಡಿ, ಜೋಡಿಗೆ 300 ಅಕ್ಷರ, ಒಟ್ಟು 600 ಕೋಟಿ. 40 ಕೋಟಿಯ ಜೀನೋಮಿಗೆ ಹಂಚಿದರೆ ಒಂದೊಂದು ಜಾಗವನ್ನೂ ಸರಾಸರಿ 15 ಸಲ ಓದಿದಂತಾಯಿತು. ಇದನ್ನೇ ಓದಿನ ಆಳ ಎನ್ನುವುದು. ಮೂರನೆಯ ಮರದ ಆಳ ನಾಲ್ಕಕ್ಕೂ ಕಡಿಮೆ.

ಮಾವಿನ ಪ್ರತಿ ಕ್ರೋಮೋಸೋಮಿಗೂ ಎರಡು ಪ್ರತಿ, ಒಂದು ತಾಯಿಮರದ್ದು, ಇನ್ನೊಂದು ಪರಾಗ ಕೊಟ್ಟ ಮರದ್ದು. ಎಷ್ಟೋ ಜಾಗಗಳಲ್ಲಿ ಈ ಎರಡು ಪ್ರತಿಯ ಅಕ್ಷರ ಬೇರೆ ಬೇರೆ ಇರುತ್ತದೆ. ಇವನ್ನು ಇಬ್ಬಗೆ ಜಾಗ ಎಂದು ಕರೆಯೋಣ. ಹೊಳೆದಂಡೆಯಲ್ಲಿ ತಾನಾಗಿ ಹುಟ್ಟಿದ ಅಪ್ಪೆಯಲ್ಲಿ ಇಂಥವು ಲಕ್ಷಗಟ್ಟಲೆ ಇರುವುದು ಸಹಜ. ‘ಶುದ್ಧ ತಳಿ’ ಎಂಬ ಮಾತನ್ನು ಮಾವಿಗೆ ಅಂಟಿಸುವುದು ತಪ್ಪಾಗುವುದೂ ಇದಕ್ಕೇ, ಒಳ್ಳೆಯ ಮಾವಿನ ಮರ ಎಂದರೆ ಒಂದು ಅಪರೂಪದ ಬೆರಕೆ. ಇಬ್ಬಗೆ ಜಾಗವನ್ನು ಓದುವುದು ನಾಣ್ಯ ಚಿಮ್ಮಿದಂತೆ. ಪ್ರತಿ ಸಲವೂ ಎರಡರಲ್ಲಿ ಯಾವ ಪ್ರತಿಯ ತುಣುಕು ಸಿಕ್ಕೀತು ಎಂಬುದು ಅದೃಷ್ಟ. ತಂತ್ರಾಂಶ ‘ಇಲ್ಲಿ ಬೇರೆ ಅಕ್ಷರ ಇದೆ’ ಎನ್ನಲು ಸಾಮಾನ್ಯವಾಗಿ ಕನಿಷ್ಠ ಎರಡು ತುಣುಕುಗಳ ಸಾಕ್ಷಿ ಬಯಸುತ್ತದೆ. ನಾಲ್ಕೇ ಸಲ ಚಿಮ್ಮಿದಾಗ ಆ ಮುಖ ಎರಡು ಸಲ ಬೀಳದೇ ಹೋಗುವ ಸಾಧ್ಯತೆ 16ರಲ್ಲಿ 5, ಎಂದರೆ ಶೇಕಡಾ 31. ಹದಿನೈದು ಸಲ ಚಿಮ್ಮಿದರೆ ಎರಡು ಸಾವಿರಕ್ಕೆ ಒಂದು. ಮೂರನೆಯ ಮರದಲ್ಲಿ ಕಾಣೆಯಾದ 12 ಲಕ್ಷದ ಬಹುಪಾಲಿಗೆ ಈ ಲೆಕ್ಕವೊಂದೇ ಸಾಕಾಗಬಹುದು. ವ್ಯತ್ಯಾಸಗಳು ಮರದಲ್ಲಿ ಇಲ್ಲ ಎಂದಲ್ಲ, ಓದಿನಲ್ಲಿ ಸಿಕ್ಕಿಲ್ಲ.

ಎರಡು ಮರಗಳ ವ್ಯತ್ಯಾಸಗಳ ಎಣಿಕೆ ಹತ್ತಿರ ಇದೆ ಎಂದು ಮರಗಳು ಒಂದೇ ಆಗಿಬಿಡುವುದಿಲ್ಲ, ಇದನ್ನೂ ಹೇಳಬೇಕು. 41 ಲಕ್ಷ ಮತ್ತು 40 ಲಕ್ಷ ಬರೀ ಎಣಿಕೆ. ಎರಡು ಊರುಗಳಲ್ಲಿ ನಾಲ್ಕು ನೂರು ಮನೆ ಇವೆ ಎಂದರೆ ಮನೆಯವರು ಒಂದೇ ಎಂದಾಗುವುದಿಲ್ಲವಲ್ಲ. ವ್ಯತ್ಯಾಸಗಳು ಅದೇ ಜಾಗಗಳಲ್ಲಿವೆಯೇ, ಅದೇ ಅಕ್ಷರಗಳೇ ಎಂದು ನೋಡಬೇಕು.

ಮರಕ್ಕೆ ಮರ ಹೋಲಿಸುವ ಕ್ರಮ

ಕಡತಗಳನ್ನು ಇಳಿಸಿಕೊಂಡ ಕೂಡಲೇ ಕಡತ ಪೂರ್ತಿ ಬಂದಿದೆಯೇ ಎಂದು ತೋರಿಸುವ ಎಂಡಿ5 ಸಂಖ್ಯೆ ತಾಳೆ ನೋಡಿ. ಆಷಾಢದ ಕರೆಂಟಿನಲ್ಲಿ ಐದು ಜಿಬಿಯ ಕಡತ ಅರ್ಧಕ್ಕೆ ನಿಂತು, ನೋಡಲು ಪೂರ್ತಿ ಇಳಿದಂತೆ ಕಾಣುವುದು ಸಾಮಾನ್ಯ. ಆಮೇಲೆ ಎಲ್ಲ ಹಂತ ಮುಗಿಸಿದ ಮೇಲೆ ಕೊನೆಯ ಕೆಲವು ಕ್ರೋಮೋಸೋಮ್ ಖಾಲಿ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಮನೆಯ ಇಂಟರ್ನೆಟ್ ದುರ್ಬಲವಾಗಿದ್ದರೆ ಗ್ಯಾಲಕ್ಸಿ ಎಂಬ ಉಚಿತ ಜಾಲವೇದಿಕೆಯಲ್ಲಿ ಖಾತೆ ತೆರೆದು, ಪ್ರಯೋಗಾಲಯದ ಕೊಂಡಿಯನ್ನು ನೇರವಾಗಿ ಅಲ್ಲಿಗೇ ಕೊಡಿ. ಕಡತ ಶಿರಸಿಯನ್ನು ಮುಟ್ಟುವುದೇ ಬೇಡ. ಸ್ವಂತ ಲ್ಯಾಪ್‌ಟಾಪಿನಲ್ಲೇ ಮಾಡುವುದಾದರೆ 16 ಜಿಬಿ ರ್‍ಯಾಮ್, 200 ಜಿಬಿ ಖಾಲಿ ಜಾಗ ಇರಲಿ. ಒಂದು ಮರಕ್ಕೆ ಒಂದು ರಾತ್ರಿ ಹಿಡಿಯಬಹುದು.

ಫಾಸ್ಟ್‌ಕ್ಯೂಸಿ ತಂತ್ರಾಂಶದಲ್ಲಿ ಓದಿನ ಗುಣಮಟ್ಟ ನೋಡಿ. ಕ್ಯೂ30 ಎಂದರೆ ಸಾವಿರಕ್ಕೆ ಒಂದು ತಪ್ಪು, ಕ್ಯೂ20 ಎಂದರೆ ನೂರಕ್ಕೆ ಒಂದು. ಫಾಸ್ಟ್‌ಪಿಯಿಂದ ತುದಿಯ ಕಳಪೆ ಅಕ್ಷರಗಳನ್ನೂ, ಓದಲೆಂದು ಪ್ರಯೋಗಾಲಯ ಅಂಟಿಸಿದ ಅಡಾಪ್ಟರ್ ತುಂಡುಗಳನ್ನೂ ಕತ್ತರಿಸಿ. ಬಿಡಬ್ಲ್ಯೂಎ-ಮೆಮ್‌ನಿಂದ ಆಪೂಸಿನ ಜೀನೋಮಿಗೆ ಕೂರಿಸಿ, ಸ್ಯಾಮ್‌ಟೂಲ್ಸ್‌ನಿಂದ ಸಾಲಾಗಿ ಜೋಡಿಸಿ, ಒಂದೇ ತುಣುಕಿನ ನಕಲುಗಳನ್ನು ಗುರುತು ಹಾಕಿ. ಇಷ್ಟರವರೆಗೆ ಹೆಚ್ಚಿನವರು ಸರಿಯಾಗಿಯೇ ಮಾಡುತ್ತಾರೆ.

ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಪ್ರಯೋಗಾಲಯಗಳು ಕೊಡುವ ವಿಸಿಎಫ್ ಕಡತ, ಎಂದರೆ ವ್ಯತ್ಯಾಸಗಳ ಪಟ್ಟಿ, ಮರಕ್ಕೊಂದರಂತೆ ಬೇರೆ ಬೇರೆಯಾಗಿರುತ್ತದೆ, ಅದರಲ್ಲಿ ಆಪೂಸಿಗಿಂತ ಬೇರೆಯಾದ ಜಾಗಗಳು ಮಾತ್ರ ಇರುತ್ತವೆ. ಒಂದು ಜಾಗ ಪಟ್ಟಿಯಲ್ಲಿ ಇಲ್ಲ ಎಂದರೆ ಎರಡು ಅರ್ಥ: ಅಲ್ಲಿ ಆಪೂಸಿನ ಅಕ್ಷರವೇ ಇದೆ, ಅಥವಾ ಅಲ್ಲಿ ಓದೇ ಸಿಕ್ಕಿಲ್ಲ. ಮೂರು ಪಟ್ಟಿಗಳನ್ನು ಒಟ್ಟುಗೂಡಿಸುವಾಗ ‘ಇಲ್ಲದ್ದನ್ನೆಲ್ಲ ಮಾದರಿಯ ಅಕ್ಷರ ಎಂದೇ ತುಂಬು’ ಎಂಬ ಆಯ್ಕೆ ಒತ್ತಿದರೆ ಓದಿಲ್ಲದ ಜಾಗಗಳೆಲ್ಲ ಸುಳ್ಳು ಸಾಕ್ಷಿ ಹೇಳಲು ಶುರುಮಾಡುತ್ತವೆ. ಕಡಿಮೆ ಆಳದ ಮರ ಆಗ ಆಪೂಸಿನ ಕಡೆಗೆ ವಾಲಿದಂತೆ, ಉಳಿದೆರಡರಿಂದ ದೂರವಾದಂತೆ ಕಾಣುತ್ತದೆ. ಆದ್ದರಿಂದ ಪ್ರಯೋಗಾಲಯದ ವಿಸಿಎಫ್‌ಗಳನ್ನು ಬದಿಗಿಡಿ. ಮೂರೂ ಮರಗಳ ಬ್ಯಾಮ್ ಕಡತಗಳನ್ನು (ಮೇಲೆ ಕೂರಿಸಿ ಜೋಡಿಸಿದ ತುಣುಕುಗಳ ಕಡತ) ಒಟ್ಟಿಗೇ ಬಿಸಿಎಫ್‌ಟೂಲ್ಸ್‌ಗೆ ಕೊಟ್ಟು, ಒಂದೇ ಸಲಕ್ಕೆ ವ್ಯತ್ಯಾಸ ಹುಡುಕಿಸಿ.

ಅನಂತರ ಜರಡಿ. ಹೋಲಿಸುವ ಎರಡೂ ಮರಗಳಲ್ಲಿ ಕನಿಷ್ಠ 10 ಸಲ ಓದಿರುವ ಜಾಗಗಳು ಮಾತ್ರ ಇರಲಿ. ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು ಆಳವಿರುವ ಜಾಗಗಳನ್ನು ಬಿಟ್ಟುಬಿಡಿ. ಮಾವಿನ ಪೂರ್ವಜರಲ್ಲಿ ಇಡೀ ಜೀನೋಮ್ ಇಮ್ಮಡಿಯಾದ ಗುರುತುಗಳಿವೆ. ಹಾಗಾಗಿ ಒಂದನ್ನೊಂದು ಹೋಲುವ ಎರಡು ಭಾಗಗಳ ತುಣುಕುಗಳು ಒಂದೇ ಕಡೆ ಬಂದು ಕೂತು, ಇಲ್ಲದ ಇಬ್ಬಗೆ ಜಾಗ ಹುಟ್ಟಿಸುತ್ತವೆ. ಇಬ್ಬಗೆ ಎಂದು ಕರೆದ ಜಾಗದಲ್ಲಿ ಎರಡು ಅಕ್ಷರಗಳ ಪಾಲು 30-70ರ ಒಳಗಿರಲಿ, 10-90 ಇದ್ದರೆ ಅನುಮಾನಿಸಿ. ಇಷ್ಟೆಲ್ಲ ಬಿಟ್ಟ ಮೇಲೂ ಲಕ್ಷಗಟ್ಟಲೆ ಜಾಗ ಉಳಿಯುತ್ತವೆ. ಈ ಕೆಲಸಕ್ಕೆ ಜೀನೋಮಿನ ಉದ್ದಕ್ಕೂ ಹರಡಿದ ಕೆಲವು ಸಾವಿರ ಜಾಗ ಇದ್ದರೂ ಧಾರಾಳವಾಯಿತು.

ಈಗ ಎರಡು ಎಣಿಕೆ. ಮೊದಲನೆಯದು, ಒಂದು ಮರದಲ್ಲಿ ಎರಡೂ ಪ್ರತಿ ಎ, ಇನ್ನೊಂದರಲ್ಲಿ ಎರಡೂ ಪ್ರತಿ ಜಿ ಹೀಗೆ ಪೂರ್ತಿ ಎದುರುಬದುರಾದ ಜಾಗಗಳೆಷ್ಟು? ಒಂದೇ ಮರದ ಎರಡು ಕಸಿಗಳಲ್ಲಿ ಇದು ಹೆಚ್ಚುಕಡಿಮೆ ಸೊನ್ನೆ. ಆದರೆ ತಾಯಿ ಮತ್ತು ಅದರ ಗೊರಟಿನಿಂದ ಹುಟ್ಟಿದ ಮಗುವಿನ ನಡುವೆಯೂ ಸೊನ್ನೆಯೇ, ಏಕೆಂದರೆ ಪ್ರತಿ ಜಾಗದಲ್ಲೂ ಮಗುವಿನ ಒಂದು ಪ್ರತಿ ತಾಯಿಯದು. ಈ ಎಣಿಕೆಯೊಂದನ್ನೇ ನೋಡಿ ‘ಒಂದೇ ಮರ’ ಎಂದವರು ಎಷ್ಟೋ ಜನ ಎಡವಿದ್ದಾರೆ. ಎರಡನೆಯದು ತೀರ್ಪು ಕೊಡುವ ಎಣಿಕೆ: ಮೊದಲ ಮರದ ಇಬ್ಬಗೆ ಜಾಗಗಳಲ್ಲಿ ಎಷ್ಟು ಪಾಲು ಎರಡನೆಯದರಲ್ಲೂ ಇಬ್ಬಗೆಯಾಗಿವೆ? ಒಂದೇ ಮರದ ಕಸಿಗಳಾದರೆ, ಒಳ್ಳೆಯ ಆಳದಲ್ಲಿ, ನೂರಕ್ಕೆ 98-99. ತಾಯಿ-ಮಗುವಾದರೆ ಸುಮಾರು 50, ಅದೂ ಪರಾಗ ಯಾವ ಮರದಿಂದ ಬಂದಿರಲಿ. ತಾಯಿ ಎ ಕೊಟ್ಟಿದ್ದರೆ ಪರಾಗ ಜಿ ತರಬೇಕು, ತಾಯಿ ಜಿ ಕೊಟ್ಟಿದ್ದರೆ ಪರಾಗ ಎ ತರಬೇಕು. ಎರಡು ಸಾಧ್ಯತೆ ಕೂಡಿಸಿದರೆ ಯಾವಾಗಲೂ ಅರ್ಧವೇ. 98 ಮತ್ತು 50ರ ನಡುವಿನ ಅಂತರ ಎಷ್ಟು ದೊಡ್ಡದೆಂದರೆ, ಆಳ ಸರಿಯಿದ್ದರೆ ತಪ್ಪಲು ಅವಕಾಶ ಕಡಿಮೆ. ಕಿಂಗ್ ಎಂಬ ತಂತ್ರಾಂಶ ಇದನ್ನೇ ನೆಂಟಸ್ತಿಕೆಯ ಅಂಕಿಯಾಗಿ ಕೊಡುತ್ತದೆ: ಒಂದೇ ಗಿಡವಾದರೆ 0.5ರ ಹತ್ತಿರ, ತಾಯಿ-ಮಗು ಅಥವಾ ಒಡಹುಟ್ಟಾದರೆ 0.25ರ ಹತ್ತಿರ. 0.354 ದಾಟಿದರೆ ಒಂದೇ ಎಂದು ಎಣಿಸುವುದು ರೂಢಿ.

ಎರಡು ಕಾವಲು ಮಾದರಿಗಳು ಜೊತೆಯಲ್ಲಿರಲಿ. ಒಂದು, ನಿಮ್ಮ ತೋಟದ ಮರದ್ದೇ ಇನ್ನೊಂದು ಕೊಂಬೆಯ ಎಲೆ, ಬೇರೆ ಹೆಸರಿನಲ್ಲಿ. ಒಂದೇ ಮರ ತನ್ನ ಜೊತೆ ತಾನು ಎಷ್ಟು ಹೊಂದುತ್ತದೋ ಅದೇ ನಿಮ್ಮ ಅಳತೆಗೋಲಿನ ಮೇಲ್ತುದಿ. ಇನ್ನೊಂದು, ಖಂಡಿತ ಬೇರೆ ಎಂದು ಗೊತ್ತಿರುವ ಒಂದು ಮರ, ಅನಂತಭಟ್ಟನ ಅಪ್ಪೆಯೋ ಮಾಳಂಜಿಯೋ. ಈ ಎರಡಿಲ್ಲದೆ 96 ಬಂದರೆ ಹತ್ತಿರವೋ ದೂರವೋ ಹೇಳುವುದು ಕಷ್ಟ.

ಸಿದ್ದಾಪುರದ ಮರಕ್ಕೆ ಏನು ಮಾಡುವುದು

ಅದರ ನಾಲ್ಕರ ಆಳದಲ್ಲಿ 10ರ ಜರಡಿ ದಾಟುವ ಜಾಗ ತೀರಾ ಕಡಿಮೆ, ದಾಟಿದ್ದರಲ್ಲೂ ತುಣುಕು ರಾಶಿಬಿದ್ದ ಸುಳ್ಳು ಜಾಗಗಳೇ ಹೆಚ್ಚು. ಆದರೂ ಇರುವ ಕಡತದಿಂದಲೇ ಒಂದು ಪರೀಕ್ಷೆ ಸಾಧ್ಯ. ಎಲೆಯಲ್ಲಿ ಹಸಿರಿನ ಕಣ, ಕ್ಲೋರೋಪ್ಲಾಸ್ಟ್, ತನ್ನದೇ ಪುಟ್ಟ ಜೀನೋಮ್ ಇಟ್ಟುಕೊಂಡಿದೆ, ಒಂದೂವರೆ ಲಕ್ಷ ಅಕ್ಷರದಷ್ಟು. ಒಂದು ಜೀವಕೋಶದಲ್ಲಿ ಅದರ ಪ್ರತಿಗಳು ನೂರಾರು ಇರುವುದರಿಂದ ಓದಿದ್ದರಲ್ಲಿ ಹತ್ತರಲ್ಲೊಂದು ಪಾಲು ಅದರದ್ದೇ ಆದರೂ ಆಳ ಸಾವಿರ ಮುಟ್ಟುತ್ತದೆ. ಹೆಚ್ಚಿನ ಹೂಗಿಡಗಳಲ್ಲಿ ಇದು ತಾಯಿಯಿಂದಲೇ ಬರುತ್ತದೆ. ಮೂರು ಮರಗಳ ಕ್ಲೋರೋಪ್ಲಾಸ್ಟನ್ನು ಹೋಲಿಸಿ. ಸಿದ್ದಾಪುರದ್ದು ಬೇರೆಯಾಗಿದ್ದರೆ ಅದು ಹಳೆ ಮರದ ಕಸಿಯೂ ಅಲ್ಲ, ಗೊರಟಿನ ಮಗುವೂ ಅಲ್ಲ. ಒಂದೇ ಆಗಿದ್ದರೆ ಮಾತ್ರ ಏನನ್ನೂ ಹೇಳಲಾಗದು, ಒಂದೇ ಪ್ರದೇಶದ ಎಷ್ಟೋ ಮರಗಳು ಅದನ್ನು ಹಂಚಿಕೊಂಡಿರಬಹುದು.

ಅನುಮಾನ ಉಳಿದರೆ ಹೊಸ ಎಲೆ ಕಳಿಸಿ. ಕಳಿಸುವ ಮೊದಲು ಆ ಮರದ ಬುಡವನ್ನು ಕಣ್ಣಿಟ್ಟು ನೋಡಿ, ಕಸಿಗಂಟು ಎಲ್ಲಿದೆ? ಇಂಥ ಪ್ರಕರಣಗಳಲ್ಲಿ ಕಾಣುವ ಕಾರಣ ಬಹಳ ಸಲ ಇದೇ: ಕಟ್ಟಿದ ಕಡ್ಡಿ ಒಂದೆರಡು ವರ್ಷದಲ್ಲಿ ಸತ್ತು, ಕೆಳಗಿನ ಬೇರುಸಸಿಯ (ಕಡ್ಡಿ ಕಟ್ಟಲು ಬುಡವಾಗಿ ಬಳಸಿದ ಗಿಡ) ಚಿಗುರೇ ಮರವಾಗಿ ಬೆಳೆದಿರುತ್ತದೆ. ಮನೆಯವರಿಗೆ ಅದು ‘ಅಜ್ಜನ ಮರದ ಕಸಿ’ಯಾಗಿಯೇ ನೆನಪಿರುತ್ತದೆ. ಬೇರುಸಸಿ ಹಳೆ ಮರದ್ದೇ ಗೊರಟಿನಿಂದ ಎಬ್ಬಿಸಿದ್ದಾದರೆ ಮೇಲೆ ಹೇಳಿದ 50 ಬರುತ್ತದೆ. ಸಿಕ್ಕ ಕಾಟುಮಾವಿನ ಗೊರಟಾದರೆ ಎದುರುಬದುರಾದ ಜಾಗಗಳೇ ಸಾವಿರಗಟ್ಟಲೆ ಕಾಣುತ್ತವೆ. ಎರಡು ಕವಲೂ ಬದುಕಿ, ಕಸಿಯ ಭಾಗ ಒಂದು ಕೊಂಬೆ, ಬೇರುಸಸಿಯ ಭಾಗ ಇನ್ನೊಂದು ಕೊಂಬೆಯಾಗಿ ಬೆಳೆದಿರುವುದೂ ಇದೆ. ಆಗ ಎಲೆ ಯಾವ ಕೊಂಬೆಯದು ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಹಾಗಾಗಿ ಗಂಟಿನ ಮೇಲಿನಿಂದಲೂ ಕೆಳಗಿನಿಂದಲೂ ಹೊರಟ ಕೊಂಬೆಗಳಿಂದ ಬೇರೆ ಬೇರೆ ಚೀಲದಲ್ಲಿ ಎಲೆ ತೆಗೆಯಿರಿ, ಕೊಂಬೆಗೆ ಬಣ್ಣದ ದಾರ ಕಟ್ಟಿ, ಫೋಟೋ ಇಟ್ಟುಕೊಳ್ಳಿ. ಕರಾವಳಿಯ ಕೆಲವು ಮಾವುಗಳಲ್ಲಿ ಒಂದೇ ಗೊರಟಿನಿಂದ ಹಲವು ಮೊಳಕೆ ಬಂದು, ಕೆಲವು ತಾಯಿಯ ಪಡಿಯಚ್ಚಾಗಿಯೇ ಇರುತ್ತವೆ. ನಿಮ್ಮ ಹಳೆ ಮರದ ಗೊರಟು ಹಾಗೆ ಹಲವು ಮೊಳಕೆ ಕೊಡುತ್ತಿತ್ತೇ ಎಂದು ಹಿರಿಯರನ್ನು ಕೇಳಿ ನೋಡಿ.

ಎಲೆ ಎಂದರೆ ಕೆಂಪು ಕಳೆದು ಹಸಿರಿಗೆ ತಿರುಗುತ್ತಿರುವ ಎಳೆಯದು, ಎರಡು ಮೂರು ಸಾಕು. ನೀರಿನಲ್ಲಿ ತೊಳೆದು, ಒರೆಸಿ, ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಇರುವ ಜಿಪ್ ಚೀಲದಲ್ಲಿ ಹಾಕಿ. ಒದ್ದೆ ಎಲೆಯನ್ನು ಬರೀ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊರಿಯರ್ ಮಾಡಿದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಬೂಷ್ಟು ಬಂದಿರುತ್ತದೆ. ಮಾವಿನ ಎಲೆಯಲ್ಲಿ ಲೋಳೆಯೂ ಒಗರೂ ಹೆಚ್ಚು. ಪ್ರಯೋಗಾಲಯ ಸಿಟಿಎಬಿ ವಿಧಾನದಲ್ಲಿ ಪಿವಿಪಿ ಸೇರಿಸಿ ಡಿಎನ್‌ಎ ತೆಗೆಯಲಿ ಎಂದು ಬರೆದುಕೊಡಿ. ಡಿಎನ್‌ಎ ಎಷ್ಟು ಶುಚಿ ಎಂದು ಹೇಳುವ ಅಳತೆಗಳಲ್ಲಿ 260/280 ಅನುಪಾತ 1.8ರ ಸುತ್ತ, 260/230 ಅನುಪಾತ 2ರ ಹತ್ತಿರ ಇರಬೇಕು. ಎರಡನೆಯದು 1ಕ್ಕಿಂತ ಕೆಳಗಿದ್ದರೆ ಲೋಳೆ ಉಳಿದಿದೆ, ಯಂತ್ರಕ್ಕೆ ಹಾಕುವ ಮೊದಲೇ ಮತ್ತೆ ತೊಳೆಯಿರಿ ಎನ್ನಿ. ನಿಮ್ಮ ಮೂರನೆಯ ಮಾದರಿ 50 ಲಕ್ಷಕ್ಕೇ ನಿಂತದ್ದಕ್ಕೆ ಇದೂ ಕಾರಣವಾಗಿರಬಹುದು. ವರದಿಯಲ್ಲಿ ಈ ಅಂಕಿ ಇಲ್ಲದಿದ್ದರೆ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ಇಡೀ ಜೀನೋಮನ್ನೇ ಮತ್ತೆ ಓದಿಸಬೇಕೆಂದಿಲ್ಲ. ‘ಒಂದೇ ಮರವೇ’ ಎಂಬಷ್ಟೇ ಪ್ರಶ್ನೆಗೆ ಹತ್ತು ಹದಿನೈದು ಎಸ್‌ಎಸ್‌ಆರ್ ಗುರುತುಗಳ (ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಅಕ್ಷರ ಸಾಲುಗಳ) ಪರೀಕ್ಷೆ ಸಾಕು, ಖರ್ಚೂ ಕಡಿಮೆ. ಅದರ ದೌರ್ಬಲ್ಯ ಇಷ್ಟು: ಒಂದು ಗುರುತು ವಿಫಲವಾದರೂ ಉಳಿದದ್ದರ ಮೇಲೆ ಭಾರ ಹೆಚ್ಚುತ್ತದೆ. ಹತ್ತಿರದ ನೆಂಟರಿರುವ ದಂಡೆಯ ಮರಗಳಾದರೆ ಎಂಟಕ್ಕಿಂತ ಕಡಿಮೆ ಗುರುತಿನ ಮೇಲೆ ನಿರ್ಧಾರ ಮಾಡುವುದು ಬೇಡ.

ಹೋದ ಮರದ ಸಾಕ್ಷಿ

ಹಲಗೆಯಿಂದ ಡಿಎನ್‌ಎ ಸಿಗುವುದು ಅಸಾಧ್ಯವಲ್ಲ, ಆದರೆ ಕಷ್ಟ. ಚೇಗಿನ ಭಾಗ ಮರ ನಿಂತಿದ್ದಾಗಲೇ ಸತ್ತ ಜೀವಕೋಶಗಳದ್ದು, ಅಲ್ಲಿ ಉಳಿದಿರುವುದು ಚೂರುಚೂರಾದ ಅಲ್ಪ ಡಿಎನ್‌ಎ. ನೆರೆಯಲ್ಲಿ ನೆನೆದ ಮರಕ್ಕೆ ಶಿಲೀಂಧ್ರವೂ ಹತ್ತಿರುತ್ತದೆ. ಹಲಗೆಯಲ್ಲಿ ತೊಗಟೆಗೆ ತಾಗಿದ ಹೊರಗಿನ ಬಿಳಿ ಪದರ ಉಳಿದಿದ್ದರೆ ಅಲ್ಲಿಂದ ಪ್ರಯತ್ನಿಸಬಹುದು. ಪಾಲಿಶ್ ಹಾಕಿದ್ದರೆ, ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ದುಡ್ಡು ಹಾಕಬೇಡಿ. ನನ್ನ ಸಲಹೆಯಲ್ಲಿ ಹಲಗೆ ಕೊನೆಯ ದಾರಿ.

ಅದಕ್ಕಿಂತ ಒಳ್ಳೆಯ ಸಾಕ್ಷಿಗಳಿವೆ. ನಿಮ್ಮ ಮರ ಮತ್ತು ಪಕ್ಕದ ಮನೆಯ ಮರ, ಬೇರೆ ಬೇರೆ ಬೇರುಸಸಿಯ ಮೇಲೆ ಕಟ್ಟಿದವು. ಅವೆರಡೂ ಒಂದಕ್ಕೊಂದು 98-99 ಹೊಂದಿದರೆ, ಹಳೆ ಮರವೂ ಅದೇ ಎನ್ನುವುದು ಬಿಟ್ಟರೆ ಬೇರೆ ಸರಳ ವಿವರಣೆ ಉಳಿಯುವುದಿಲ್ಲ. ಬೇರುಸಸಿಗಳೇ ಮರವಾಗಿದ್ದರೆ ಎರಡು ಬೇರೆ ಗೊರಟಿನ ಗಿಡಗಳು ಹೀಗೆ ಹೊಂದುವುದಿಲ್ಲ, ಹಲವು ಮೊಳಕೆಯ ಗೊರಟು ಮಾತ್ರ ಇದಕ್ಕೆ ಅಪವಾದ. ಇದರ ಮೇಲೂ ಖಾತರಿ ಬೇಕಿದ್ದರೆ ದಂಡೆಯಲ್ಲಿ ಹಳೆ ಮರದಡಿ ತಾನಾಗಿ ಎದ್ದ ಗಿಡಗಳನ್ನು ಹುಡುಕಿ. ತಾಯಿ ಹೋದರೂ ಮಕ್ಕಳು ಸಾಕ್ಷಿ ಹೇಳುತ್ತವೆ: ಅದರ ಗೊರಟಿನಿಂದ ಹುಟ್ಟಿದ ಪ್ರತಿ ಗಿಡವೂ ನಿಮ್ಮ ಕಸಿಮರದ ಜೊತೆ ಎದುರುಬದುರಾದ ಜಾಗವನ್ನು ಹೆಚ್ಚುಕಡಿಮೆ ತೋರಿಸಬಾರದು. ಅಂಥ ಮೂರು ನಾಲ್ಕು ಗಿಡ ಹೊಂದಿದರೆ ಹಲಗೆಯ ಅಗತ್ಯವೇ ಬೀಳುವುದಿಲ್ಲ.

ಪರಿಮಳದ ಜೀನ್

ಮೂರು ಮರಗಳ ಜೀನೋಮಿನಿಂದ ಪರಿಮಳದ ಜೀನ್ ಸಿಗುವುದಿಲ್ಲ. ಸುವಾಸನೆ ಇರುವ ಎರಡು, ಇಲ್ಲದ ಒಂದು ಇಟ್ಟುಕೊಂಡು ಹುಡುಕಿದರೆ ಲಕ್ಷಾಂತರ ವ್ಯತ್ಯಾಸಗಳೂ ಅದೇ ರೀತಿ ಹೊಂದುತ್ತವೆ, ಯಾವುದು ಕಾರಣ ಎನ್ನುವುದಕ್ಕೆ ದಾರಿಯಿಲ್ಲ. ಮಾವಿನ ವಾಸನೆ ಹಲವು ಆವಿಯಾಗುವ ವಸ್ತುಗಳ ಕೂಟ, ಅದರಲ್ಲಿ ಟರ್ಪೀನುಗಳ ಪಾಲು ದೊಡ್ಡದು. ಅವನ್ನು ತಯಾರಿಸುವ ಕಿಣ್ವಗಳ ಜೀನ್‌ಗಳು ಒಂದು ದೊಡ್ಡ ಕುಟುಂಬವಾಗಿ, ಒಂದನ್ನೊಂದು ಹೋಲುತ್ತ, ಗುಂಪುಗುಂಪಾಗಿ ಕೂತಿವೆ. ಸಣ್ಣ ತುಣುಕಿನ ಓದು ತಪ್ಪುವುದು ಇಂಥ ಕಡೆಯಲ್ಲೇ. ನೂರಾರು ಮರಗಳ ಮಿಡಿಯ ವಾಸನೆಯನ್ನು ಯಂತ್ರದಲ್ಲಿ ಅಳೆದು ಜೀನೋಮಿನ ಜೊತೆ ಹೊಂದಿಸುವ ದೊಡ್ಡ ಅಧ್ಯಯನ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಪ್ಪೆಯ ಸಂಗ್ರಹವಿದೆ, ಇಂಥ ಕೆಲಸ ಸಾಗಬೇಕಾದದ್ದು ಅಂಥ ಕಡೆ. ಮೂರೇ ಮರ ಹಾಕಿ ಬಣ್ಣದ ಪಟ್ಟಿಗಳ ‘ಪೂರ್ವಜರ ಪಾಲು’ ಚಿತ್ರ ಮಾಡಿಕೊಡುತ್ತೇವೆ ಎನ್ನುವವರಿಗೂ ಬೇಡವೆನ್ನಿ. ಆ ವಿಧಾನಕ್ಕೂ ಹತ್ತಾರು ಮರಗಳಿಲ್ಲದೆ ಅರ್ಥವಿಲ್ಲ.

ಮೂರೂ ಒಂದೇ ಎಂದು ತೇಲಿದರೆ? ಆಗಲೂ ಪರಿಮಳದ ವ್ಯತ್ಯಾಸ ಸುಳ್ಳಾಗುವುದಿಲ್ಲ. ಹೊಳೆಯ ಮೆಕ್ಕಲು ಮಣ್ಣಿಗೂ ಹಿತ್ತಲಿನ ಜಂಬಿಟ್ಟಿಗೆಗೂ, ನೆರಳಿಗೂ ಬಿಸಿಲಿಗೂ, ಮಿಡಿ ಕೊಯ್ದ ಹಂತಕ್ಕೂ ವಾಸನೆ ಬದಲಾಗುತ್ತದೆ. ಒಂದೇ ವಾರದಲ್ಲಿ, ಒಂದೇ ಗಾತ್ರದ ಮಿಡಿಯನ್ನು, ಸೊನೆ ಹಾರದಂತೆ ತೊಟ್ಟು ಸಮೇತ ಕೊಯ್ದು ಮೂರನ್ನೂ ಪಕ್ಕಪಕ್ಕ ಮುರಿದು ನೋಡಿದ್ದೀರಾ? ಜೀನೋಮಿಗಿಂತ ಮೊದಲು ಅದಾಗಬೇಕು. ಒಂದು ಕೊಂಬೆಯಲ್ಲಿ ಮಾತ್ರ ಆದ ಸಣ್ಣ ಮಾರ್ಪಾಡು ಕಡ್ಡಿಯ ಮೂಲಕ ಬಂದಿರುವ ಸಾಧ್ಯತೆಯೂ ಇದೆ. 15ರ ಆಳದಲ್ಲಿ ಅದನ್ನು ಓದಿನ ತಪ್ಪುಗಳಿಂದ ಬೇರ್ಪಡಿಸುವುದು ಬಹಳ ಕಷ್ಟ.

ಪ್ರಮಾಣಪತ್ರದ ಮಾತು

ನಿಮಗೆ ಹೇಳಿದವರು ಕೊಡುವುದು ಬಹುಶಃ ಡಿಎನ್‌ಎ ಬಾರ್‌ಕೋಡ್. ಅದರಲ್ಲಿ ಆರ್‌ಬಿಸಿಎಲ್, ಮ್ಯಾಟ್‌ಕೆ ಎಂಬ ಎರಡು ಕ್ಲೋರೋಪ್ಲಾಸ್ಟ್ ಜೀನ್ ಓದುತ್ತಾರೆ. ಸಸ್ಯದ ಜಾತಿ ಗುರುತಿಸಲು ಅದು ಒಳ್ಳೆಯದು, ಆದರೆ ಜೀರಿಗೆ ಅಪ್ಪೆ, ಮಾಳಂಜಿ, ಆಪೂಸು ಎಲ್ಲವೂ ಮಾವು ಎಂಬ ಒಂದೇ ಜಾತಿ. ಎಲ್ಲಕ್ಕೂ ಒಂದೇ ಉತ್ತರ ಬರುತ್ತದೆ. ‘ಇದು ಮಾವು’ ಎಂಬ ಪತ್ರಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅಪ್ಪೆಮಿಡಿಯ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಡಿಎನ್‌ಎಯಿಂದ ಬಂದದ್ದಲ್ಲ, ಅದು ಪ್ರದೇಶ ಮತ್ತು ಹೆಸರಿಗೆ ಸಂಬಂಧಿಸಿದ್ದು, ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಬೇಕು. ಮರವನ್ನು ರೈತ ತಳಿಯಾಗಿ ದಾಖಲಿಸುವ ಮನಸ್ಸಿದ್ದರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ಅರ್ಜಿ ಹಾಕಬಹುದು, ರೈತರಿಗೆ ಶುಲ್ಕವಿಲ್ಲ, ಮರಗಳಿಗೆ ರಕ್ಷಣೆ 18 ವರ್ಷದವರೆಗೆ. ಅಲ್ಲಿ ಮುಖ್ಯವಾಗಿ ನೋಡುವುದು ಎಲೆ, ಹೂಗೊಂಚಲು, ಕಾಯಿಯ ಆಕಾರ, ಗೊರಟಿನಂಥ ಕಣ್ಣಿಗೆ ಕಾಣುವ ಲಕ್ಷಣಗಳನ್ನು. ನಿಮ್ಮ ಜೀನೋಮ್ ಕಡತ ಅದಕ್ಕೆ ಬೆಂಬಲವಾದೀತು, ಬದಲಿಯಾಗದು. ಮಾದರಿಯನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳಿಸುವ ಮಾತು ಬಂದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ವಿಚಾರಿಸದೆ ಮುಂದುವರಿಯಬೇಡಿ. ಈ ಪರೀಕ್ಷೆ ದೇಶದೊಳಗೇ ಆಗುತ್ತದೆ.

ನರ್ಸರಿಯಲ್ಲಿ ಒಂದೊಂದು ಗಿಡವನ್ನೂ ಪರೀಕ್ಷಿಸುವುದು ದುಡ್ಡು ಹೊಳೆಗೆ ಸುರಿದಂತೆ. ಕಡ್ಡಿ ಕೊಡುವ ತಾಯಿಮರ ಒಂದನ್ನು ಸರಿಯಾಗಿ ಪರೀಕ್ಷಿಸಿ, ಅದಕ್ಕೆ ಸಂಖ್ಯೆ ಕೊಟ್ಟು, ಕಡ್ಡಿ ತೆಗೆದ ದಿನ ಮತ್ತು ಕೊಂಬೆ ಬರೆದಿಡಿ. ಗಿಡ ಮಾರುವ ಹೊತ್ತಿಗೆ ಗಂಟಿನ ಕೆಳಗಿನ ಚಿಗುರನ್ನೆಲ್ಲ ಚಿವುಟಿ, ಒಯ್ದವರಿಗೂ ಮೂರು ವರ್ಷ ಹಾಗೆ ಮಾಡಲು ಹೇಳಿ. ಸಿದ್ದಾಪುರದಲ್ಲಿ ಆದದ್ದು ನಿಜವಾಗಿ ಅದೇ ಆಗಿದ್ದರೆ, ಯಾವ ಪ್ರಮಾಣಪತ್ರವೂ ಅದನ್ನು ತಡೆಯುತ್ತಿರಲಿಲ್ಲ.

ಈ ಮಳೆಗಾಲದ ಕಸಿಗೆ ನಿಮ್ಮ ಮರ ಮತ್ತು ಪಕ್ಕದ ಮನೆಯ ಮರದ ಹೋಲಿಕೆ ಮುಗಿದಿರಲಿ, ಆ ಎರಡರ ಕಡತ ಈಗಲೇ ಸಾಕಷ್ಟು ಆಳವಾಗಿದೆ. ಹೊಂದಿದರೆ ಅವೆರಡರಿಂದಲೇ ಕಡ್ಡಿ ತೆಗೆಯಿರಿ, ಕನಿಷ್ಠ ಐದಾರು ಗಿಡವನ್ನು ಹೊಳೆದಂಡೆಯಿಂದ ದೂರ, ಬೇರೆ ಬೇರೆ ಊರಿನ ಮನೆಗಳಿಗೆ ಕೊಡಿ. ತಂಗಿಯ ಮನೆಯ ಮರದಿಂದ ಸದ್ಯಕ್ಕೆ ಕಡ್ಡಿ ಬೇಡ. ಅದು ಗೊರಟಿನ ಮಗು ಎಂದೇ ತಿಳಿದುಬಂದರೂ ಉಳಿಸಿಕೊಳ್ಳಿ. ಹೋದ ಮರದ ಅರ್ಧ ಜೀನೋಮ್ ಅದರಲ್ಲಿದೆ, ಉಪ್ಪುನೀರಿನಲ್ಲಿ ಅದರ ಮಿಡಿ ಎಷ್ಟು ವರ್ಷ ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ಇನ್ನೂ ಯಾರೂ ನೋಡಿಲ್ಲ.